ಗಡಿನಾಡಿನ ಕತೆಗಳಿಗೆ ಸಣ್ಣ ಅನುದಾನ: ಸುರಂಗದ ಬಾಯಿಂದ ಲೆಕ್ಕಪತ್ರದವರೆಗೆ

ಕಾಸರಗೋಡಿನ ಪಡ್ರೆ ಕಡೆಯ ಒಂದು ಅಡಿಕೆ ತೋಟದಲ್ಲಿ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡಿಯೇ ಬದುಕಿದ ಅಜ್ಜರೊಬ್ಬರು ಮೇಣದಬತ್ತಿ ಇಡುವುದು ಹೇಗೆಂದು ನನಗೆ ತೋರಿಸಿದ್ದರು. ಮುರಕಲ್ಲಿನ ಗೋಡೆಯಲ್ಲಿ ಅಂಗೈ ಅಗಲದ ಗೂಡು, ಗೂಡಿನಲ್ಲಿ ಬತ್ತಿ, ಕೈಯಲ್ಲಿ ಗಿಡ್ಡ ಹಿಡಿಯ ಪಿಕಾಸು. "ಬತ್ತಿ ಸಣ್ಣ ಆದ್ರೆ ಹಿಂದೆ ಬರ್ಬೇಕು ಮಗಾ, ಒಳಗೆ ಉಸಿರಿಲ್ಲ ಅಂತ ಅದೇ ಹೇಳ್ತದೆ" ಎಂದರು. ಎಲ್ಲಿ ಎಷ್ಟು ಕೋಲು (ಸುರಂಗದ ಉದ್ದ ಅಳೆಯುವ ಅಳತೆ) ತೋಡಿದ್ದು, ಯಾವ ಕೋಲಿನಲ್ಲಿ ನೀರು ಜಿನುಗಿದ್ದು, ಮಣ್ಣಿನ ಬುಟ್ಟಿ ಹೊತ್ತವರು ಯಾರು, ಎಲ್ಲವೂ ಅವರ ಬಾಯಲ್ಲಿ ಸಾಲಾಗಿ ಬರುತ್ತಿತ್ತು. ಇದು ಯಾರ ಸುರಂಗ ಎಂದು ಊರಿನಲ್ಲಿ ಕೇಳಿದರೆ ತೋಟದ ಯಜಮಾನರ ಹೆಸರು ಸಿಗುತ್ತದೆ. ತೋಡಿದವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಆ ಹೆಸರುಗಳನ್ನು ಬರೆದಿಡಲು ಹಣ ಬೇಕಾಯಿತು. ದೊಡ್ಡ ಮೊತ್ತವಲ್ಲ, ಒಂದು ಲಕ್ಷದ ಆಸುಪಾಸು. ಅದನ್ನು ಹುಡುಕುತ್ತಾ ಕಲಿತದ್ದನ್ನು, ಕಾಸರಗೋಡು, ಮಂಜೇಶ್ವರ ಭಾಗದ ಗ್ರಂಥಾಲಯದವರಿಗೆ, ಕಲಾಸಂಘದವರಿಗೆ, ಮಾಷ್ಟ್ರುಗಳಿಗೆ, ಕಾಲೇಜು ಮಕ್ಕಳಿಗೆ ಉಪಯೋಗವಾಗಲೆಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ವಿಷಯ ಸುರಂಗವೇ ಆಗಬೇಕಿಲ್ಲ. ನಾಟಿಯ ಗದ್ದೆಯ ಓಬೇಲೆ ಹಾಡು, ಮನೆಯ ಅಟ್ಟದಲ್ಲಿರುವ ತಿಗಳಾರಿ ಲಿಪಿಯ ತಾಳೆಗರಿ, ಕುಂಬಳೆ ಸೀಮೆಯ ಹಳೆಯ ಭಾಗವತರ ಪ್ರಸಂಗ ಪುಸ್ತಕ, ಬ್ಯಾರಿ ಅಜ್ಜಿಯರ ಮದುವೆ ಹಾಡು, ಕರಾಡ ಸಮುದಾಯದ ಮನೆಮಾತಿನ ಗಾದೆ, ಯಾವುದಾದರೂ ಸರಿ.

ಹಣ ಕೇಳುವ ಮೊದಲು ಮೂರು ರೆಕಾರ್ಡಿಂಗ್

ನಮ್ಮ ಮೊದಲ ಅರ್ಜಿ ತಿರಸ್ಕೃತವಾಯಿತು. "ಕಾಸರಗೋಡಿನ ಸಪ್ತಭಾಷಾ ಸಂಸ್ಕೃತಿಯ ಸಮಗ್ರ ದಾಖಲೀಕರಣ" ಎಂದು ಬರೆದಿದ್ದೆವು. ಒಂದು ಲಕ್ಷ ರೂಪಾಯಿಯಲ್ಲಿ ಏಳು ಭಾಷೆಗಳ ಸಂಸ್ಕೃತಿಯನ್ನು ದಾಖಲಿಸುತ್ತೇವೆ ಎಂದರೆ ಯಾರು ನಂಬುತ್ತಾರೆ? ಆ ಅರ್ಜಿಯಲ್ಲಿ ಒಬ್ಬ ಮನುಷ್ಯನ ಮಾತೂ ಇರಲಿಲ್ಲ.

ಆದ್ದರಿಂದ ಅರ್ಜಿ ನಮೂನೆ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಫೋನಿನಲ್ಲೇ ಮೂರು ಜನರ ಮಾತು ಹಿಡಿಯಿರಿ, ಒಬ್ಬೊಬ್ಬರದು ಅರ್ಧ ಗಂಟೆ ಸಾಕು. ಅದರಲ್ಲಿ ಹತ್ತು ನಿಮಿಷದ್ದನ್ನು ಪೂರ್ತಿ ಬರೆದಿಳಿಸಿ. ಇದರಿಂದ ಮೂರು ವಿಷಯ ಗೊತ್ತಾಗುತ್ತದೆ: ಜನ ಮಾತಾಡಲು ತಯಾರಿದ್ದಾರೆಯೇ, ಒಂದು ಗಂಟೆಯ ಮಾತು ಬರೆಯಲು ಎಷ್ಟು ಹೊತ್ತು ಬೇಕು, ಮತ್ತು ನಿಜವಾದ ಕತೆ ಎಲ್ಲಿದೆ. ನಾವು ನೀರಿನ ತಾಂತ್ರಿಕತೆ ಕೇಳಲು ಹೋಗಿದ್ದೆವು. ಅವರು ಹೇಳಿದ್ದು ಕೂಲಿಯ ಲೆಕ್ಕ, ಬಾವಲಿಗಳ ವಾಸನೆ, ನೀರು ಸಿಕ್ಕ ದಿನದ ಪಾಯಸ. ವಿಷಯ ಅಲ್ಲೇ ತಿರುಗಿತು.

ಆಮೇಲೆ ಒಂದೇ ವಾಕ್ಯ ಬರೆಯಿರಿ: ಯಾರ, ಯಾವ, ಎಷ್ಟು, ಎಲ್ಲಿ, ಎಷ್ಟು ಸಮಯದಲ್ಲಿ, ಕೊನೆಗೆ ಏನು ಉಳಿಯುತ್ತದೆ. ನಮ್ಮದು ಹೀಗಿತ್ತು: "ಬಾಯಾರು, ಪೈವಳಿಕೆ, ಎಣ್ಮಕಜೆ ಭಾಗದಲ್ಲಿ ಸುರಂಗ ತೋಡಿದ 12 ಮಂದಿಯ ಅನುಭವವನ್ನು ಹತ್ತು ತಿಂಗಳಲ್ಲಿ ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿ, ಬರೆದಿಳಿಸಿ, ಊರಿನ ಗ್ರಂಥಾಲಯದಲ್ಲಿ ಇಡುವುದು ಮತ್ತು 200 ಪ್ರತಿ ಪುಸ್ತಿಕೆ ತರುವುದು." ಈ ವಾಕ್ಯ ನಿಮ್ಮ ಸಂಘದ ಎಲ್ಲರ ಬಾಯಿಗೂ ಬರುವವರೆಗೆ ಮುಂದಿನ ಹೆಜ್ಜೆ ಬೇಡ.

ಯಾವ ಬಾಗಿಲು ತಟ್ಟುವುದು

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಓದು ಬರಹ ಕನ್ನಡದಲ್ಲಿದೆ, ಮನೆಮಾತು ಇನ್ನೊಂದು. ಕರ್ನಾಟಕದ ಕೆಲವು ಯೋಜನೆಗಳು ಅಲ್ಲಿನ ವಾಸ್ತವ್ಯ ಕೇಳುತ್ತವೆ, ಕೇರಳದ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ಎರಡೂ ಕಡೆ ನಮಗೆ ಸಲ್ಲುವುದೇನೂ ಇಲ್ಲ ಎಂದು ಕೈಚೆಲ್ಲಿದವರನ್ನು ನಾನು ತುಂಬ ನೋಡಿದ್ದೇನೆ. ಅದು ನಿಜವಲ್ಲ. ಬಾಗಿಲುಗಳಿವೆ, ಆದರೆ ಯಾವುದರಲ್ಲಿ ಏನು ಕೇಳಬೇಕೆಂಬುದು ಬೇರೆ ಬೇರೆ.

ಮೊದಲು ಹತ್ತಿರದ್ದು. ಗ್ರಾಮ ಪಂಚಾಯತಿನ ವಾರ್ಷಿಕ ಯೋಜನೆ ತಯಾರಾಗುವಾಗ ಗ್ರಾಮಸಭೆಯಲ್ಲಿ ಎದ್ದು ಹೇಳಿದ ವಿಷಯ ದಾಖಲಾಗುತ್ತದೆ. 1996ರಲ್ಲಿ ಕೇರಳದಲ್ಲಿ ಶುರುವಾದ ಜನಕೀಯ ಆಸೂತ್ರಣದ, ಅಂದರೆ ಜನರೇ ಸೇರಿ ಯೋಜನೆ ರೂಪಿಸುವ ದಾರಿ ಇದು. ವಾರ್ಡು ಸದಸ್ಯರ ಹತ್ತಿರ ಮೊದಲೇ ಮಾತಾಡಿ, ಒಂದು ಪುಟದ ಟಿಪ್ಪಣಿ ಕೊಟ್ಟು, ಸಂಸ್ಕೃತಿ ವಿಷಯ ನೋಡುವ ಕಾರ್ಯಪಡೆಯ ಸಭೆಗೆ ಹೋಗಿ. ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್‌ಗೆ ಸೇರಿದ ಗ್ರಂಥಾಲಯ ನಿಮ್ಮೂರಿನಲ್ಲಿದ್ದರೆ ಅದೇ ನಿಮ್ಮ ಅತ್ಯುತ್ತಮ ಆಶ್ರಯ. ನೋಂದಣಿ, ಬ್ಯಾಂಕ್ ಖಾತೆ, ಲೆಕ್ಕಪುಸ್ತಕ, ಬೀಗ ಹಾಕುವ ಕಪಾಟು ಎಲ್ಲವೂ ಅಲ್ಲಿರುತ್ತದೆ. ಹೊಸ ಸಂಘ ಕಟ್ಟಿ ಒದ್ದಾಡುವುದಕ್ಕಿಂತ ಗ್ರಂಥಾಲಯದ ಹೆಸರಿನಲ್ಲಿ ಅರ್ಜಿ ಹಾಕುವುದು ಎಷ್ಟೋ ಮೇಲು.

ಕಣ್ಣೂರಿನ ಚಿರಕ್ಕಲ್‌ನಲ್ಲಿರುವ ಕೇರಳ ಫೋಕ್‌ಲೋರ್ ಅಕಾಡೆಮಿ ಮತ್ತು ಮಂಜೇಶ್ವರದ ತುಳು ಅಕಾಡೆಮಿಯ ಪರಿಚಯ ಮಾಡಿಕೊಳ್ಳಿ. ದುಡ್ಡು ಬರದಿದ್ದರೂ ಅಲ್ಲಿಂದ ಒಂದು ಬೆಂಬಲ ಪತ್ರ ಬಂದರೆ ಉಳಿದ ಕಡೆ ಅರ್ಜಿಗೆ ತೂಕ ಬರುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವೂ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ಅಧ್ಯಾಪಕರೊಬ್ಬರು ಸಲಹೆಗಾರರಾಗಿ ಸಹಿ ಹಾಕಿದರೆ ಒಳ್ಳೆಯದು.

ಸರಕಾರಿ ಕಚೇರಿಗೆ ಬರೆಯಲು ಮಲಯಾಳ ಬರುವುದಿಲ್ಲವೆಂದು ಹಿಂಜರಿಯಬೇಡಿ. 1969ರ ಕೇರಳ ರಾಜಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು ಮತ್ತು ನಮ್ಮ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ನಾನು ಕನ್ನಡದಲ್ಲೇ ಬರೆಯುತ್ತೇನೆ. ಕೆಲಸ ಬೇಗ ಆಗಲೆಂದು ಮಲಯಾಳದ ಒಂದು ಪುಟದ ಸಾರಾಂಶವನ್ನು ಜೊತೆಗೆ ಪಿನ್ನು ಹಾಕುತ್ತೇನೆ. ಹಕ್ಕನ್ನು ಬಿಡುವುದೂ ಬೇಡ, ಗುಮಾಸ್ತರಿಗೆ ಕಷ್ಟ ಕೊಡುವುದೂ ಬೇಡ.

ಕರ್ನಾಟಕದ ಕಡೆಯಿಂದ ನಮಗೆ ನೇರವಾಗಿ ಸಂಬಂಧಿಸಿದ್ದು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಗಡಿಯಾಚೆಯ ಕನ್ನಡ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ತುಳು, ಬ್ಯಾರಿ, ಕೊಂಕಣಿ, ಯಕ್ಷಗಾನ, ಜಾನಪದ ಅಕಾಡೆಮಿಗಳ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಪ್ರಕಟಣೆ ಸಿಕ್ಕಿದ ಕೂಡಲೇ ಮೊದಲು ಓದಬೇಕಾದ ಸಾಲು ಒಂದೇ: "ಅರ್ಜಿದಾರರು ಕರ್ನಾಟಕದ ನಿವಾಸಿಗಳಾಗಿರಬೇಕೇ?" ಹೌದೆಂದಿದ್ದರೆ ವಿಟ್ಲದ ಅಥವಾ ಪುತ್ತೂರಿನ ಸಂಘವೊಂದನ್ನು ಮುಖ್ಯ ಅರ್ಜಿದಾರರನ್ನಾಗಿಸಿ, ನೀವು ಸಹಭಾಗಿಗಳಾಗಿ. ಸುರಂಗ, ಪಾಡ್ದನ (ತುಳುವಿನ ಕಥನ ಹಾಡು), ಯಕ್ಷಗಾನ ಯಾವುದೂ ರಾಜ್ಯದ ಗಡಿಯ ತಲಪಾಡಿ ಗೇಟಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಈ ಜೋಡಿ ಸಹಜವಾಗಿಯೇ ಒಪ್ಪುತ್ತದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯಲ್ಲಿ ಸಂಸ್ಥೆಗಳಿಗೂ ವ್ಯಕ್ತಿಗಳಿಗೂ ಬೇರೆ ಬೇರೆ ಭಾಗಗಳಿವೆ. ವಿಚಾರಸಂಕಿರಣ, ಸಂಶೋಧನೆ, ಕಾರ್ಯಾಗಾರ, ಪ್ರದರ್ಶನಗಳಿಗೆ ಸಂಸ್ಥೆಗಳಿಗೆ ಸಾಮಾನ್ಯವಾಗಿ 5 ಲಕ್ಷದವರೆಗೆ ಸಿಗುವ ಭಾಗವಿದೆ. ಎರಡು ವರ್ಷದ ಫೆಲೋಶಿಪ್ ವ್ಯಕ್ತಿಗಳಿಗೆ: ಕಿರಿಯರಿಗೆ ತಿಂಗಳಿಗೆ 10,000, ನಲುವತ್ತು ದಾಟಿದ ಹಿರಿಯರಿಗೆ 20,000 ರೂಪಾಯಿ. ಸಂಗೀತ ನಾಟಕ ಅಕಾಡೆಮಿಯ ಮೂಲಕ ಅಮೂರ್ತ ಪರಂಪರೆ ಉಳಿಸುವ ಯೋಜನೆಯೂ 2013ರಿಂದ ಇದೆ. ದೆಹಲಿಯ ಹಣಕ್ಕೆ ಕಾಗದಪತ್ರ ಹೆಚ್ಚು, ಕಾಯುವುದೂ ಹೆಚ್ಚು. ಮೊದಲ ಅರ್ಜಿಗೆ ಇದನ್ನು ಆರಿಸಿಕೊಳ್ಳಬೇಡಿ ಎನ್ನುತ್ತೇನೆ.

ಸಂಘವಿಲ್ಲದ ಒಬ್ಬಂಟಿಗರಿಗೆ ನನ್ನ ಸಲಹೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಶುರುವಾದ ಸ್ವತಂತ್ರ ಸಂಸ್ಥೆ. ಸಂಶೋಧನೆಗೆ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವನೆಯನ್ನೂ ಸ್ವೀಕರಿಸುತ್ತದೆ, ಅಂದರೆ ಕನ್ನಡದಲ್ಲೇ ಬರೆಯಬಹುದು. ರಾಜ್ಯದ ಗಡಿ ಅಲ್ಲಿ ಅಡ್ಡ ಬರುವುದಿಲ್ಲ.

ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅಪಾಯದಂಚಿನ ದಾಖಲೆಗಳ ಯೋಜನೆ ತಾಳೆಗರಿ, ಹಸ್ತಪ್ರತಿ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ವಿದೇಶಿ ಹಣ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಬೇಕು, ಅದು ಸಣ್ಣ ಸಂಘಗಳ ಕೈಗೆ ಸುಲಭವಾಗಿ ಎಟಕುವುದಿಲ್ಲ. ಆ ನೋಂದಣಿ ಇರುವ ಸಂಸ್ಥೆ ಅಥವಾ ವಿಶ್ವವಿದ್ಯಾಲಯದ ಜೊತೆ ಸೇರದೆ ಆ ಹಣ ಮುಟ್ಟಲೇಬೇಡಿ. ಪರಿಚಯದವರು ದುಬೈಯಿಂದ ನೇರ ಸಂಘದ ಖಾತೆಗೆ ಕಳಿಸುತ್ತೇನೆಂದರೂ ಮೊದಲು ಆಡಿಟರನ್ನು ಕೇಳಿ.

ಕಾಗದಪತ್ರ

ಸಂಘ ನೋಂದಣಿಯಾಗಿಲ್ಲದಿದ್ದರೆ, ಮಲಬಾರ್ ಪ್ರದೇಶಕ್ಕೆ ಸೇರಿದ ನಮಗೆ ಅನ್ವಯಿಸುವುದು 1860ರ ಸೊಸೈಟಿ ಕಾಯಿದೆ. ಕನಿಷ್ಠ ಏಳು ಮಂದಿ ಬೇಕು. ಉದ್ದೇಶಗಳ ಪಟ್ಟಿಯಲ್ಲಿ "ಮೌಖಿಕ ಪರಂಪರೆ ಮತ್ತು ಸ್ಥಳೀಯ ಇತಿಹಾಸದ ಸಂಗ್ರಹ, ಸಂರಕ್ಷಣೆ, ಪ್ರಕಟಣೆ" ಎಂಬ ಸಾಲು ಇರಲೇಬೇಕು. ಬರೀ "ಕಲೆ, ಕ್ರೀಡೆ" ಎಂದಿದ್ದರೆ ಮುಂದೆ ಪ್ರಶ್ನೆ ಬರುತ್ತದೆ. ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್ ಆದ ಲೆಕ್ಕ, ಕೇಂದ್ರ ಸರಕಾರದ ಎನ್‌ಜಿಒ ದರ್ಪಣ್ ಜಾಲತಾಣದ ಸಂಖ್ಯೆ, ಇಷ್ಟನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿಗೆ ಕೇರಳದ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯದ ಸಹಾಯ ಸಿಗುತ್ತದೆ, ಆದರೆ ಪಾಸ್‌ವರ್ಡು ನಿಮ್ಮ ನೋಟುಪುಸ್ತಕದಲ್ಲಿರಲಿ.

ಅರ್ಜಿ ಬರೆಯುವಾಗ

ಮೊದಲ ಪ್ಯಾರಾದಲ್ಲಿ ಇತಿಹಾಸ ಬೇಡ. ಪರಶುರಾಮ ಸೃಷ್ಟಿಯಿಂದ ಶುರುಮಾಡಿ ಗಡಿ ವಿವಾದದ ಮಹಾಜನ ವರದಿಗೆ ಬರುವಷ್ಟರಲ್ಲಿ ನಿಮಗೆ ಕೊಟ್ಟ ಐನೂರು ಶಬ್ದ ಮುಗಿದಿರುತ್ತದೆ. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈಗಳ ನಾಡೆಂಬ ಹೆಮ್ಮೆ ನಮಗೆಲ್ಲ ಇದೆ. ಆದರೆ ಅರ್ಜಿ ಓದುವವರಿಗೆ ಬೇಕಾದದ್ದು ನೀವು ಏನು ಮಾಡುತ್ತೀರಿ ಎನ್ನುವುದು. ನೀವು ಬರೆದಿಳಿಸಿದ ಹತ್ತು ನಿಮಿಷದ ಮಾತಿನಿಂದ ನಾಲ್ಕು ಸಾಲು ಹಾಗೆಯೇ ಎತ್ತಿ ಮೊದಲಿಗೆ ಇಡಿ. ನಾವು ಎರಡನೆಯ ಸಲ ಬತ್ತಿಯ ಮಾತನ್ನು ಇಟ್ಟೆವು.

ಆಮೇಲೆ, ಈಗಲೇ ಏಕೆ ಎಂಬುದಕ್ಕೆ ಉತ್ತರ ಕೊಡಿ. "ಸಂಸ್ಕೃತಿ ನಶಿಸುತ್ತಿದೆ" ಎಂದು ಎಲ್ಲರೂ ಬರೆಯುತ್ತಾರೆ. ನೀವು ಕಾರಣ ಬರೆಯಿರಿ: ಕೊಳವೆಬಾವಿ ಬಂದ ಮೇಲೆ ಹೊಸ ಸುರಂಗದ ಬೇಡಿಕೆ ಕುಸಿಯಿತು, ಕಲಿಯುವವರಿಲ್ಲ, ತೋಡಿದವರಿಗೆ ವಯಸ್ಸಾಗಿದೆ. ಈ ಕೆಲಸ ನೀವೇ ಏಕೆ ಮಾಡಬೇಕು ಎಂಬುದಕ್ಕೂ ನೇರ ಉತ್ತರವಿರಲಿ. ತಂಡದಲ್ಲಿ ತುಳು, ಮರಾಟಿ, ಮಲಯಾಳ ಯಾರಿಗೆ ಬರುತ್ತದೆ, ಯಾರು ಯಾರ ಮನೆಗೆ ಹೋಗಬಲ್ಲರು, ಇದು ಪದವಿಗಳ ಪಟ್ಟಿಗಿಂತ ದೊಡ್ಡ ಅರ್ಹತೆ.

ಬಜೆಟ್

ನಮ್ಮ ಒಂದು ಲಕ್ಷದ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಮಾತು ಕೊಟ್ಟ 12 ಮಂದಿಗೆ ತಲಾ 1,500 ರಂತೆ 18,000. ಹದಿನೈದು ಗಂಟೆಯ ಧ್ವನಿಯನ್ನು ಬರೆದಿಳಿಸಲು ಗಂಟೆಗೆ 1,800 ರಂತೆ 27,000. ರೆಕಾರ್ಡರ್, ಎರಡು ಕಾಲರ್ ಮೈಕ್, ಮೆಮೊರಿ ಕಾರ್ಡ್ 18,000. ಎರಡು ಹಾರ್ಡ್ ಡಿಸ್ಕ್ 10,000. ಇಪ್ಪತ್ತು ದಿನದ ಓಡಾಟಕ್ಕೆ ದಿನಕ್ಕೆ 500 ರಂತೆ 10,000. ಪುಸ್ತಿಕೆ 12,000. ಊರಿನ ಸಭೆಯ ಚಹಾ ತಿಂಡಿ 3,000. ಆಡಿಟ್ 2,000. ಒಟ್ಟು ಸರಿಯಾಗಿ ಒಂದು ಲಕ್ಷ.

ಎರಡು ಸಾಲಿನ ಬಗ್ಗೆ ನಾನು ರಾಜಿಯಾಗುವುದಿಲ್ಲ. ಒಂದು, ಮಾತು ಕೊಟ್ಟವರ ಗೌರವಧನ. ಕೂಲಿಗೆ ಹೋಗುವವರ ಒಂದು ದಿನವನ್ನು ನಾವು ತೆಗೆದುಕೊಳ್ಳುತ್ತೇವೆ, ಶಾಲು ಹಣ್ಣು ಕೊಟ್ಟು ಫೋಟೋ ತೆಗೆದರೆ ಅದು ತೀರುವುದಿಲ್ಲ. ಎರಡು, ಬರೆದಿಳಿಸುವ ಖರ್ಚು. ಒಂದು ಗಂಟೆಯ ತುಳು ಮಾತನ್ನು ಕನ್ನಡ ಲಿಪಿಯಲ್ಲಿ ನಿಷ್ಠೆಯಿಂದ ಬರೆಯಲು ನಮಗೆ ಎಂಟು ಗಂಟೆ ಹಿಡಿಯಿತು. ಹೆಚ್ಚಿನ ಸಂಘಗಳು ಕ್ಯಾಮೆರಾಕ್ಕೆ ಹಣವಿಟ್ಟು ಇದನ್ನು ಮರೆಯುತ್ತವೆ, ಕೊನೆಗೆ ಯಾರೂ ಕೇಳದ ಫೈಲುಗಳು ಡಿಸ್ಕಿನಲ್ಲಿ ಉಳಿಯುತ್ತವೆ. ಪುಸ್ತಿಕೆಯ ಪುಟ ಕಡಿಮೆ ಮಾಡಿ, ಕ್ಯಾಮೆರಾ ಎರವಲು ತನ್ನಿ, ಈ ಎರಡನ್ನು ಕತ್ತರಿಸಬೇಡಿ.

ತಿಂಗಳುಗಳನ್ನು ನೋಡಿ ಯೋಜನೆ ಹಾಕಿ

ನಮ್ಮ ಊರಿನ ಕ್ಯಾಲೆಂಡರು ಗೊತ್ತಿಲ್ಲದವರ ಕಾರ್ಯಯೋಜನೆ ದಾರಿಯಲ್ಲೇ ಕುಸಿಯುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ದೈವಗಳ ಕೋಲ ನೇಮಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ನಿಲ್ಲುತ್ತವೆ. ದೀಪಾವಳಿಯ ನಂತರ ಮತ್ತೆ ಶುರು. ಕಲಾವಿದರ ಹತ್ತಿರ ಕೂತು ಮಾತಾಡಬೇಕಾದರೆ ಜುಲೈ ನಡುವಿನಿಂದ ಬರುವ ಆಟಿ ತಿಂಗಳೇ ಸರಿ, ಆಗ ಅವರು ಮನೆಯಲ್ಲಿರುತ್ತಾರೆ. ಪ್ರದರ್ಶನ ಹಿಡಿಯಬೇಕಾದರೆ ಡಿಸೆಂಬರ್‌ನಿಂದ ಏಪ್ರಿಲ್. ಓಬೇಲೆ ಬೇಕಾದರೆ ನಾಟಿಯ ಹೊತ್ತಿಗೆ ಗದ್ದೆಬದಿಯಲ್ಲಿರಬೇಕು. ಸುರಂಗದೊಳಗಿನ ಚಿತ್ರಕ್ಕೆ ಬೇಸಿಗೆ.

ಆಟಿಯಲ್ಲಿ ಇನ್ನೊಂದು ತೊಂದರೆಯಿದೆ. ನಮ್ಮ ಎರಡನೆಯ ರೆಕಾರ್ಡಿಂಗ್ ಶೀಟಿನ ಮಾಡಿನ ಜಗಲಿಯಲ್ಲಿ ನಡೆಯಿತು. ಮನೆಗೆ ಬಂದು ಹಾಕಿ ಕೇಳಿದರೆ ಒಂದೂವರೆ ಗಂಟೆ ಬರೀ ಮಳೆ, ಅಜ್ಜರ ಸ್ವರ ಎಲ್ಲೋ ಆಚೆ ಬದಿಯಿಂದ ಕೇಳಿದ ಹಾಗೆ. ಮತ್ತೊಮ್ಮೆ ಹೋದಾಗ ಅವರು ಅದೇ ಕತೆಯನ್ನು ಅರ್ಧಕ್ಕೆ ಮುಗಿಸಿದರು. ಹಾಗಾಗಿ ಮಳೆಗಾಲದಲ್ಲಿ ಒಳಗಿನ ಕೋಣೆ, ಕಾಲರಿಗೆ ಸಿಕ್ಕಿಸುವ ಮೈಕ್, ಮತ್ತು ಮೊದಲು ಎರಡು ನಿಮಿಷ ಹಿಡಿದು ಹೆಡ್‌ಫೋನಿನಲ್ಲಿ ಕೇಳಿನೋಡುವುದು, ಇಷ್ಟು ಕಡ್ಡಾಯ.

ಒಪ್ಪಿಗೆ

ಸಹಿ ಹಾಕಿಸುವ ಕಾಗದ ಇರಲಿ, ಆದರೆ ಅದಕ್ಕಿಂತ ಮೊದಲು ಅವರ ಮನೆಮಾತಿನಲ್ಲಿ ವಿಷಯ ಹೇಳಿ, ಒಪ್ಪಿಗೆಯ ಮಾತನ್ನು ರೆಕಾರ್ಡಿಂಗಿನ ಆರಂಭದಲ್ಲೇ ಹಿಡಿಯಿರಿ. ಕೇಳಬೇಕಾದದ್ದು ನಾಲ್ಕು: ಹೆಸರು ಹಾಕಬಹುದೇ, ಇಂಟರ್‌ನೆಟ್ಟಿಗೆ ಹಾಕಬಹುದೇ ಅಥವಾ ಗ್ರಂಥಾಲಯದಲ್ಲಿ ಮಾತ್ರವೇ, ಯಾವ ಭಾಗ ತೆಗೆಯಬೇಕು, ಮುಂದೆ ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು. ಬರೆದಿಳಿಸಿದ ಮೇಲೆ ಇನ್ನೊಮ್ಮೆ ಹೋಗಿ ಓದಿ ಹೇಳಿ. ಅಜ್ಜರೊಬ್ಬರು ಹೀಗೆ ಓದಿಸಿಕೊಂಡು, ಕೂಲಿಯ ವಿಷಯದಲ್ಲಿ ತಾನು ಸಿಟ್ಟಿನಲ್ಲಿ ಹೇಳಿದ ಒಂದು ಮನೆಯ ಹೆಸರನ್ನು ತೆಗೆಸಿದರು. ಅದು ಅವರ ಹಕ್ಕು.

ದೈವದ ಪಾಡ್ದನಗಳಲ್ಲಿ ಹೊತ್ತುಗೊತ್ತಿಲ್ಲದೆ ಹಾಡಬಾರದ್ದು ಇರುತ್ತದೆ. ಹಾಡುವ ಕುಟುಂಬ ಬೇಡವೆಂದರೆ ಬೇಡ, ಅನುದಾನ ಕೊಟ್ಟವರು ಯೂಟ್ಯೂಬ್ ಕೊಂಡಿ ಕೇಳಿದರೂ ಬೇಡ. ಈ ಷರತ್ತನ್ನು ಅರ್ಜಿಯಲ್ಲೇ ಬರೆದಿಡಿ, ಆಮೇಲೆ ಜಗಳವಿರುವುದಿಲ್ಲ. ಕೊರಗರಂಥ ಸಮುದಾಯದ ವಿಷಯವಾದರೆ ತಂಡದಲ್ಲಿ ಆ ಸಮುದಾಯದವರೇ ಸಂಬಳ ಪಡೆಯುವ ಸದಸ್ಯರಾಗಿರಬೇಕು. ಅವರ ಡೋಲು, ಅವರ ಬುಟ್ಟಿಯನ್ನು ಇತರರು ವೇದಿಕೆಯಲ್ಲಿ ತೋರಿಸಿ ಚಪ್ಪಾಳೆ ಪಡೆದದ್ದು ಸಾಕು.

ತೆಗೆದಿಡುವುದು

ಧ್ವನಿಯನ್ನು ಕುಗ್ಗಿಸದ ವೇವ್ ಫೈಲಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿಯಿರಿ. ಹಳೆಯ ಫೋಟೋ, ಕಾಗದಗಳಿಗೆ 600 ಡಿಪಿಐ ಸ್ಕ್ಯಾನ್. ಫೈಲಿನ ಹೆಸರಿನಲ್ಲಿ ದಿನಾಂಕ, ಊರು, ಕ್ರಮಸಂಖ್ಯೆ ಇರಲಿ. ಅದೇ ಸಂಖ್ಯೆ ಒಂದು ನೋಟುಪುಸ್ತಕದಲ್ಲಿ ಮಾತಾಡಿದವರ ಹೆಸರು, ವಯಸ್ಸು, ಭಾಷೆ, ವಿಷಯ, ಒಪ್ಪಿಗೆಯ ಷರತ್ತಿನೊಂದಿಗೆ ಇರಲಿ. ಮೂರು ಪ್ರತಿ ಮಾಡಿ: ಎರಡು ಡಿಸ್ಕುಗಳಲ್ಲಿ, ಒಂದು ಆನ್‌ಲೈನಿನಲ್ಲಿ. ಎರಡು ಡಿಸ್ಕುಗಳು ಒಂದೇ ಕಪಾಟಿನಲ್ಲಿ ಬೇಡ, ನಮ್ಮ ಕರಾವಳಿಯ ತೇವ ಎರಡನ್ನೂ ಒಟ್ಟಿಗೆ ತಿಂದೀತು. ತಾಳೆಗರಿ ಸಿಕ್ಕಿದರೆ ಎಣ್ಣೆ ಹಚ್ಚಲು, ಅಂಟಿದ ಗರಿಗಳನ್ನು ಬಿಡಿಸಲು ಹೋಗಬೇಡಿ. ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟು ತಿಳಿದವರನ್ನು ಕರೆಯಿರಿ. ತುಳು-ತಿಗಳಾರಿ ಲಿಪಿಗೆ 2024ರಲ್ಲಿ ಯುನಿಕೋಡ್ ಸಿಕ್ಕಿರುವುದರಿಂದ ಓದಿದ್ದನ್ನು ಅದೇ ಲಿಪಿಯಲ್ಲಿ ಟೈಪು ಮಾಡಿಡುವ ದಾರಿಯೂ ತೆರೆದಿದೆ. ಒಪ್ಪಿಗೆ ಇದ್ದರೆ ಹಾಡು, ಮಾಹಿತಿಗಳನ್ನು 2016ರಿಂದ ಇರುವ ತುಳು ವಿಕಿಪೀಡಿಯಕ್ಕೂ ಸೇರಿಸಬಹುದು.

ಹಣ ಬಂದ ಮೇಲೆ

ಮಂಜೂರಾತಿ ಪತ್ರವನ್ನು ಇಡೀ ತಂಡ ಕೂತು ಓದಿ. ಹಣ ಎಷ್ಟು ಕಂತಿನಲ್ಲಿ ಬರುತ್ತದೆ, ಯಾವ ದಿನಾಂಕದ ನಂತರದ ಖರ್ಚು ಮಾತ್ರ ಸಲ್ಲುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮಂಜೂರಾತಿಗೆ ಮೊದಲೇ ರೆಕಾರ್ಡರ್ ಕೊಂಡು ಬಿಲ್ಲು ಒಪ್ಪಿಗೆಯಾಗದೆ ಕೈಯಿಂದ ಕೊಟ್ಟವರಿದ್ದಾರೆ. ಆಟೊ, ಜೀಪಿನ ಬಾಡಿಗೆಗೆ ಬಿಲ್ಲು ಸಿಗುವುದಿಲ್ಲ. ಅದಕ್ಕೆ ದಿನಾಂಕ, ಎಲ್ಲಿಂದ ಎಲ್ಲಿಗೆ, ಮೊತ್ತ, ಚಾಲಕರ ಸಹಿ ಇರುವ ವೋಚರು ಅದೇ ದಿನ ಬರೆಯಿರಿ. ಗೌರವಧನ ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಸಾಧ್ಯವಿದ್ದಲ್ಲಿ ಬ್ಯಾಂಕ್ ಮೂಲಕವೇ ಪಾವತಿ. ಒಂದು ಸಾಲಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಕೇಂದ್ರ ಸರಕಾರದ ಹಣವಾದರೆ ಕೊನೆಯಲ್ಲಿ ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಬೇಕಾಗುತ್ತದೆ. ಅದು ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ.

ಕೆಲಸ ನಿಂತರೆ ಮುಚ್ಚಿಡಬೇಡಿ. ನಮ್ಮ ಪಟ್ಟಿಯ ಇಬ್ಬರು ಕಾಯಿಲೆ ಬಿದ್ದಾಗ ಎರಡು ತಿಂಗಳ ಅವಧಿ ಹೆಚ್ಚು ಕೇಳಿ ಬರೆದೆವು, ಸಿಕ್ಕಿತು.

ಪುಸ್ತಿಕೆಯ ಬಿಡುಗಡೆಯನ್ನು ಊರಿನ ಗ್ರಂಥಾಲಯದಲ್ಲೇ ಇಡಿ, ಮೊದಲ ಪ್ರತಿ ಮಾತು ಕೊಟ್ಟವರ ಕೈಗೆ. ಪ್ರತಿಯೊಬ್ಬರಿಗೂ ಅವರ ಧ್ವನಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ, ಮನೆಯವರ ಫೋನಿಗೂ ಕಳಿಸಿ. ಮುನ್ನುಡಿಗಿಂತ ಮೊದಲಿನ ಪುಟದಲ್ಲಿ ಹನ್ನೆರಡು ಹೆಸರು, ಪ್ರತಿ ಹೆಸರಿನೆದುರು ಅವರು ತೋಡಿದ ಸುರಂಗಗಳ ಜಾಗ ಮತ್ತು ಕೋಲಿನ ಲೆಕ್ಕ, ಇದಿಷ್ಟನ್ನೇ ನಾವು ಅಚ್ಚು ಹಾಕಿಸಿದೆವು. ಬಿಡುಗಡೆಯ ದಿನ ಅಜ್ಜರೊಬ್ಬರು ಆ ಪುಟವನ್ನು ಮೊಮ್ಮಗಳಿಂದ ಓದಿಸಿ, "ಬಾಯಾರಿನದ್ದು ಇಪ್ಪತ್ತೆರಡು ಕೋಲಲ್ಲ, ಇಪ್ಪತ್ತನಾಲ್ಕು" ಎಂದರು. ಗ್ರಂಥಾಲಯದ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಟ್ಟಿದ್ದೇವೆ.